ಕಾಳಸಂತೆಯಲ್ಲಿ ಕಾಳಿದೆ

ಗಹುಂಜೆಯ ಕ್ರಿಕೆಟ್ ಪಂದ್ಯಕ್ಕೆ ಹೊರಟಿದ್ದ ಇಬ್ಬರು ಹುಡುಗರು ಪುಣೆಯ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಧಾರವಾಡದ ಕನ್ನಡದಲ್ಲಿ ಮಾತಾಡುತ್ತಿದ್ದರು. ‘ಟಿಕೆಟ್ ಸಿಗಲಿಲ್ಲ, ಬ್ಲ್ಯಾಕ್‌ನಾಗ ತಗೊಂಡ್ವಿ’ ಎಂದ ಒಬ್ಬ. ಪುಣೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಂತೋಷವೇ. ಆದರೂ ಕಾಳಸಂತೆ ಎಂಬ ಗಟ್ಟಿ ಮಾತು ಎಲ್ಲಿ ಹೋಯಿತೆಂದು ಅಸಮಾಧಾನವಾಯಿತು.

ಇದು ಕಾಳರಾತ್ರಿಯ ಕಾಳ, ಕಾಳಸರ್ಪದ ಕಾಳ ಎಂದು ಪಂಡಿತರು ಹೇಳುತ್ತಾರೆ. ಇರಲಿ. ಈ ಪದ ಜನರ ಬಾಯಲ್ಲಿ ಇಷ್ಟು ಸಲೀಸಾಗಿ ನಿಂತದ್ದು ಅದರಲ್ಲಿ ‘ಕಾಳು’ ಕೇಳಿಸಿದ್ದರಿಂದ ಎಂಬುದು ನನ್ನ ವಾದ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಂಗಡಿಯಿಂದ ಮೊದಲು ಮಾಯವಾದದ್ದೇ ಕಾಳುಕಡಿ. ವ್ಯಾಕರಣದ ಪ್ರಕಾರ ‘ಕಾಳಿನ ಸಂತೆ’ ಆಗಬೇಕಿತ್ತು ಎಂದು ಆಕ್ಷೇಪಿಸಬಹುದು. ಹಸಿದವರ ಕಿವಿ ವಿಭಕ್ತಿಪ್ರತ್ಯಯಕ್ಕೆ ಕಾಯುವುದಿಲ್ಲ.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿಯ ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದರು. ದಂಡಿನ ಖರ್ಚಿಗೆ ನೋಟು ಅಚ್ಚಾಗುತ್ತಾ ಹೋಗಿ, ಯುದ್ಧ ಮುಗಿಯುವ ಹೊತ್ತಿಗೆ ಚಲಾವಣೆಯ ಹಣ ಆರು ಪಟ್ಟು ದಾಟಿತ್ತು. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಗಿ ಬರ್ಮಾದ ಅಕ್ಕಿ ನಿಂತಿತು. ಅತ್ತ ವಿಜಾಪುರ ಜಿಲ್ಲೆಗೆ ಬರ, ಮರುವರ್ಷ ಬಂಗಾಳಕ್ಕೆ ಕ್ಷಾಮ. ತಾಮ್ರ ಉಳಿಸಲು ಸರ್ಕಾರ ಪೈಸೆಗೂ ನಡುವೆ ತೂತು ಕೊರೆಯಿತು. ಪುಣೆಯೋ ದಂಡಿನ ಊರು. ಖಡಕಿಯ ಮದ್ದುಗುಂಡಿನ ಕಾರ್ಖಾನೆಗೆ ಬಿಡುವಿಲ್ಲ. ಆಗಾಖಾನ್ ಅರಮನೆಯಲ್ಲಿ ಗಾಂಧೀಜಿ ಸೆರೆಯಾಳು. ಪೇಟೆಗಳಲ್ಲಿ ರೇಷನ್ ಸಾಲು.

ನನ್ನ ಅಜ್ಜಿ ಶನಿವಾರ ಪೇಟೆಯ ಒಂದು ವಾಡೆಯಲ್ಲಿ ಸಂಸಾರ ಹೂಡಿದ್ದು ಆ ಕಾಲದಲ್ಲೇ. ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ಗಾದೆಯನ್ನು ಯಾರಾದರೂ ಜಿಪುಣರನ್ನು ಆಡಿಕೊಳ್ಳಲು ಬಳಸಿದರೆ ಆಕೆಗೆ ಸಿಟ್ಟು ಬರುತ್ತಿತ್ತು. ಕಾರ್ಡಿನಲ್ಲಿ ಮನೆಯವರ ತಲೆಗಷ್ಟೇ ಲೆಕ್ಕ, ನೆಂಟರ ತಲೆಗಿಲ್ಲ. ಬಂದವರಿಗೆ ಬಡಿಸಿದ್ದು ಮಕ್ಕಳ ತಟ್ಟೆಯಿಂದಲೇ ಕಡಿಮೆಯಾಗಬೇಕು. ಆಗ ಅಕ್ಕಿಯ ಮೇಲಿನ ಆಸೆ ಜಿಪುಣತನ ಹೇಗಾದೀತು? ಪ್ರೀತಿ, ಆಸೆ ಎರಡೂ ನಿಜವಾಗಿದ್ದ ತಾಯಿಯೊಬ್ಬಳು ಕಟ್ಟಿದ ಗಾದೆ ಅದು ಎಂದು ಅಜ್ಜಿ ಹೇಳುತ್ತಿದ್ದಳು. ನಾನೂ ಹಾಗೆಯೇ ನಂಬಿದ್ದೇನೆ. ಆ ಅಭಾವದ ವರ್ಷಗಳಲ್ಲಿ ಮದುವೆಯೂಟಕ್ಕೂ ಇಂತಿಷ್ಟೇ ಜನ ಎಂಬ ಕಟ್ಟಳೆ ಬಂತು. ಕರೆಯೋಲೆಯ ಪಟ್ಟಿಯಿಂದ ಯಾರ ಹೆಸರು ಹೊಡೆಯಬೇಕೆಂದು ಕೂತವರಿಗೆ ಈ ಗಾದೆ ನಗುವ ಮಾತಾಗಿರಲಿಲ್ಲ.

ಗದಗದ ಕಡೆಯಿಂದ ಬರುವ ನೆಂಟರು ತಮ್ಮ ಪಾಲಿನ ಜೋಳದ ಹಿಟ್ಟನ್ನು ತಾವೇ ತರುತ್ತಿದ್ದರಂತೆ. ಪರವಾನಗಿಯಿಲ್ಲದೆ ಧಾನ್ಯ ಸಾಗಿಸುವಂತಿಲ್ಲ. ಹಾಗಾಗಿ ಹಾಸಿಗೆಯ ಸುರುಳಿಯೊಳಗೆ ಹಿಟ್ಟಿನ ಗಂಟು. ನಿಲ್ದಾಣದಿಂದ ಮನೆಗೆ ಬಂದು ಸುರುಳಿ ಬಿಚ್ಚಿದರೆ ಜಮಖಾನೆಯ ನೂಲಿನ ಸಂದಿಯಲ್ಲೆಲ್ಲ ಬಿಳಿ ಹಿಟ್ಟು. ಅಜ್ಜಿ ಅದನ್ನು ಮೊರದ ಮೇಲೆ ಕೊಡವಿ ಒಟ್ಟು ಮಾಡುತ್ತಿದ್ದಳು. ‘ಅದೂ ಕಾಳಸಂತೆಯೇ ಅಲ್ಲವೇನಜ್ಜಿ?’ ಎಂದು ಕೇಳಿದರೆ, ‘ರೊಕ್ಕ ಕೊಟ್ಟೀವೇನು? ಸಂತಿ ಹ್ಯಾಂಗಾಗ್ತದ?’ ಎನ್ನುತ್ತಿದ್ದಳು.

ಸಂತೆ ಎಂದರೆ ನಡುಹಗಲಲ್ಲಿ, ಬಯಲಲ್ಲಿ, ಎಲ್ಲರೆದುರು ನಡೆಯುವ ವ್ಯಾಪಾರ. ಅದನ್ನೇ ಕತ್ತಲೆಗೆ ತಳ್ಳಿದರೆಂಬ ಆರೋಪ ಕಾಳಸಂತೆ ಎನ್ನುವಾಗಲೇ ಇರುತ್ತದೆ, ‘ಬ್ಲ್ಯಾಕ್’ನಲ್ಲಿ ಅದಿಲ್ಲ. ಯುದ್ಧ ಮುಗಿದರೂ ಧಾನ್ಯದ ಮೇಲಿನ ಕಂಟ್ರೋಲ್ ಮುಗಿಯಲಿಲ್ಲ. 1947ರ ಕೊನೆಗೆ ಸಡಿಲಿಸಿ, ಮರುವರ್ಷ ಮತ್ತೆ ಬಿಗಿದರು. ಪದವೂ ಉಳಿಯಿತು, ಸಿಮೆಂಟು, ಸೀಮೆಎಣ್ಣೆ, ಸಿನಿಮಾ ಟಿಕೆಟ್ಟಿನವರೆಗೆ ಹಬ್ಬಿತು.

ಟಿಕೆಟ್ಟಿಗೆ ಹುಡುಗರು ಏನಾದರೂ ಅಂದುಕೊಳ್ಳಲಿ. ಆದರೆ ಅನ್ನಭಾಗ್ಯದ ಅಕ್ಕಿ ಲಾರಿಗಟ್ಟಲೆ ಸಿಕ್ಕಿಬಿದ್ದಾಗಲೂ ಪತ್ರಿಕೆಗಳು ‘ಅಕ್ರಮ ಸಾಗಾಟ’ ಎಂದು ಕಚೇರಿಯ ಭಾಷೆಯಲ್ಲಿ ಬರೆಯುವುದನ್ನು ನಾನು ಒಪ್ಪಲಾರೆ. ಬಡವರ ಕಾಳು ಕದ್ದು ಮಾರುವುದಕ್ಕೆ ನಮ್ಮಲ್ಲಿ ಹೆಸರಿದೆ. ಶೀರ್ಷಿಕೆಯಲ್ಲಿ ಅದನ್ನೇ ಹಾಕಿ.