ಗೋಡೆಯಾಚೆಯ ಬೆರಳಚ್ಚುಗಾರ

ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸುವವರ ಕೈಗೇ ಕೊಟ್ಟು ಒರೆಗೆ ಹಚ್ಚುವುದು ಚಾಟ್‌ಬಾಟ್ ಕಾಲದ ಹೊಸ ರೂಢಿಯೆಂದು ನಾವು ತಿಳಿದಿದ್ದೇವೆ. ಅದು ಹಳೆಯದು, ಆ ಸಾಧನಗಳಿಗಿಂತಲೂ ಹಳೆಯದು. ಅಮೆರಿಕದ ಐಬಿಎಂ ಸಂಶೋಧಕ ಜಾನ್ ಗೌಲ್ಡ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಜನ ಮೈಕಿನ ಮುಂದೆ ಕೂತು ಪತ್ರ ಹೇಳುತ್ತಿದ್ದರು, ಅಕ್ಷರಗಳು ಪರದೆಯ ಮೇಲೆ ಮೂಡುತ್ತಿದ್ದವು. ಆದರೆ ಕೇಳಿಸಿಕೊಂಡು ಟೈಪ್ ಮಾಡುತ್ತಿದ್ದದ್ದು ಯಂತ್ರವಲ್ಲ, ಬೇರೆ ಕೋಣೆಯಲ್ಲಿದ್ದ ಬೆರಳಚ್ಚುಗಾರ. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ದಾರ ಕಾಣುತ್ತದೆ. ಇಲ್ಲಿ ಅದೂ ಇರಲಿಲ್ಲ. ಅದೇ ವರ್ಷಗಳಲ್ಲಿ ಇನ್ನೊಬ್ಬ ಸಂಶೋಧಕ ಜೆ. ಎಫ್. ಕೆಲ್ಲಿ ಈ ವಿಧಾನಕ್ಕೆ, ತೆರೆಯ ಹಿಂದೆ ಅಡಗಿ ಆಟ ನಡೆಸುವ ಕಥೆಯ ಮಾಂತ್ರಿಕ 'ಆಝ್'ನ ಹೆಸರಿಟ್ಟರು.

ಇದು ಮೋಸವಲ್ಲವೇ, ಮನುಷ್ಯನ ಜಾಣ್ಮೆಯನ್ನು ಅಳೆದು ಯಂತ್ರಕ್ಕೆ ಅಂಕ ಕೊಟ್ಟಂತಲ್ಲವೇ ಎಂಬ ಆಕ್ಷೇಪ ಸಹಜ. ಮರೆಮಾಚಿದ್ದು ನಿಜ, ಆ ಮುಜುಗರ ಇಂದಿಗೂ ಉಳಿದಿದೆ. ಎರಡನೆಯ ಮಾತು ಮಾತ್ರ ನಿಲ್ಲದು. ಗೌಲ್ಡ್ ತಂಡ ಆ ಜಾಣ್ಮೆಗೆ ಬೇಕೆಂದೇ ಕಡಿವಾಣ ಹಾಕಿತ್ತು: ಕೆಲವು ಸುತ್ತುಗಳಲ್ಲಿ ಶಬ್ದಭಂಡಾರ 1,000 ಪದಗಳಿಗೆ ಸೀಮಿತ, ಪದಪದಕ್ಕೂ ನಿಲ್ಲಿಸಿ ಮಾತಾಡಬೇಕೆಂಬ ಕಟ್ಟಳೆ. ಕೆಲ್ಲಿಯಂತೂ ಬಳಕೆದಾರರ ಮಾತಿನಿಂದಲೇ ತಮ್ಮ ಪ್ರೋಗ್ರಾಮನ್ನು ಬೆಳೆಸುತ್ತ, ತಾವು ಮೆಲ್ಲಗೆ ಹಿಂದೆ ಸರಿದರು. ಗೌಲ್ಡ್ ತಂಡದ ಕುಂಟು ಯಂತ್ರದ ಕೆಲವು ರೂಪಗಳಿಂದಲೂ ಜನ ಹೆಚ್ಚುಕಡಿಮೆ ಕೈಬರಹದಷ್ಟೇ ಚೆನ್ನಾಗಿ ಪತ್ರ ರಚಿಸಬಲ್ಲರೆಂದು ಕಂಡದ್ದು ಆಗಲೇ. ತಡೆಯಿಲ್ಲದ ಮಾತನ್ನು ಬರಹವಾಗಿಸುವ ಐಬಿಎಂನ ವಯಾವಾಯ್ಸ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ.