ಆವಾಸದಾನ: ಕ್ಷೇತ್ರದ ವಸತಿಗೃಹವೂ ಶ್ರಾವಕಧರ್ಮವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅತಿಥಿಸಂವಿಭಾಗವೂ ಒಂದು. ಬರುವುದಕ್ಕೆ ತಿಥಿಯನ್ನು ನಿಶ್ಚಯಿಸದವನೇ ಅತಿಥಿ ಎಂದು ಪೂರ್ವಾಚಾರ್ಯರು ಆ ಶಬ್ದವನ್ನು ವಿವರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತವನ್ನು ವೈಯಾವೃತ್ಯವೆಂದು ಕರೆದು, ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳನ್ನು ಹೇಳಿದ್ದಾರೆ. ಇದು ಮುಖ್ಯವಾಗಿ ಸಂಯಮಿಗಳಿಗೆ ಸಲ್ಲುವ ದಾನವಾದರೂ, ಯಾತ್ರಿಕರಿಗೆ ನೆಲೆ ಕೊಡುವ ಧರ್ಮಶಾಲೆಗಳ ಮೂಲಭಾವನೆಯೂ ಇದೇ ಆಗಿದೆ.

ಶ್ರವಣಬೆಳಗೊಳದಂತಹ ಸಣ್ಣ ಊರಿಗೆ ಅತಿಥಿಗಳ ಬರವು ಹೊಸದಲ್ಲ. ಚಂದ್ರಗಿರಿಯ ಪ್ರಾಚೀನ ಶಾಸನಗಳು ಸಲ್ಲೇಖನಕ್ಕಾಗಿ ಬಂದು ಅಲ್ಲಿಯೇ ದೇಹತ್ಯಾಗ ಮಾಡಿದ ತಪಸ್ವಿಗಳನ್ನು ಸ್ಮರಿಸುತ್ತವೆ. ಬಂಡೆಗಳ ಮೇಲೆ ತಮ್ಮ ಹೆಸರನ್ನಷ್ಟೇ ಕೊರೆಯಿಸಿ ಹೋದ ಯಾತ್ರಿಕರೂ ಹಲವರು. ನಾಗರಿ ಲಿಪಿಯ ಬರಹಗಳು ಉತ್ತರದೇಶದಿಂದ ಬಂದವರಿಗೆ ಸಾಕ್ಷಿಯಾಗಿವೆ. ದೀರ್ಘಕಾಲ ನಿಲ್ಲುವವರು, ಬಂದು ಹೋಗುವವರು ಎಂಬ ಎರಡು ವರ್ಗಗಳು ಅಂದಿನಿಂದಲೂ ಇದ್ದವು.

ಇವರ ವೆಚ್ಚಕ್ಕೆ ಆಧಾರವೇನು? ಹೊಯ್ಸಳರ ಭಂಡಾರಿ ಹುಳ್ಳನು 1159ರಲ್ಲಿ ಚತುರ್ವಿಂಶತಿ ಜಿನಾಲಯವನ್ನು ಕಟ್ಟಿಸಿದಾಗ ಒಂದನೆಯ ನರಸಿಂಹನು ಸವಣೇರು ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಜೈನ ದತ್ತಿಶಾಸನಗಳಲ್ಲಿ ಪೂಜೆ, ಋಷಿಗಳ ಆಹಾರದಾನ, ಜೀರ್ಣೋದ್ಧಾರ ಇವು ಜೊತೆಯಾಗಿ ಬರುವುದು ಸಾಮಾನ್ಯ. 1368ರ ಬುಕ್ಕರಾಯನ ಶಾಸನವಂತೂ ವ್ಯವಹಾರಸ್ಥರು ಓದಲೇಬೇಕಾದದ್ದು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕೆಂದು ಅದು ವಿಧಿಸುತ್ತದೆ. ಸಣ್ಣ ವಂತಿಗೆ, ನಿಶ್ಚಿತ ಉದ್ದೇಶ, ಉಳಿತಾಯದ ವಿನಿಯೋಗ ಮೂರನ್ನೂ ಕಲ್ಲಿನ ಮೇಲೆ ಬರೆದಿಟ್ಟರು.

ಇಂದಿನ ವಸತಿಗೃಹದ ಸಮಸ್ಯೆ ಕಾಲಮಾನದ್ದು. 1981, 1993, 2006, 2018ರ ಮಹಾಮಸ್ತಕಾಭಿಷೇಕಗಳಿಗೆ ಲಕ್ಷಾಂತರ ಜನ ಬಂದರು. ನಡುವಣ ವರ್ಷಗಳಲ್ಲಿ ರಜೆಯ ದಿನಗಳಿಗೆ ಜನಸಂದಣಿ, ಉಳಿದಂತೆ ಖಾಲಿ ಕೊಠಡಿಗಳು. ಮಹೋತ್ಸವದ ಸಂಖ್ಯೆಯನ್ನು ನೋಡಿ ಶಾಶ್ವತ ಕಟ್ಟಡ ಕಟ್ಟಿದರೆ ದುರಸ್ತಿಯ ಭಾರ ಮುಂದಿನ ಹನ್ನೆರಡು ವರ್ಷ ಟ್ರಸ್ಟಿನ ಮೇಲೆ ಬೀಳುತ್ತದೆ. ಆದುದರಿಂದಲೇ ಮಹೋತ್ಸವಕ್ಕೆ ತಾತ್ಕಾಲಿಕ ನಗರಗಳನ್ನು ನಿರ್ಮಿಸುವ ಕ್ರಮ ವಿವೇಕದ್ದಾಗಿದೆ. ಇನ್ನು ಚಾತುರ್ಮಾಸದಲ್ಲಿ ಮಳೆಗಾಲದ ಜೀವರಾಶಿಗೆ ಹಿಂಸೆಯಾಗದಿರಲೆಂದು ಮುನಿಸಂಘವು ಒಂದೆಡೆ ನೆಲೆಸುತ್ತದೆ. ಅವರ ಸೇವೆಗೆಂದು ಬರುವ ವೃದ್ಧ ಶ್ರಾವಕ ಶ್ರಾವಿಕೆಯರು ತಿಂಗಳುಗಟ್ಟಲೆ ತಂಗುತ್ತಾರೆ.

ಇಲ್ಲಿಯೇ ಧರ್ಮಸಂಕಟ ಹುಟ್ಟುತ್ತದೆ. ದೀರ್ಘವಾಸಿಗೆ ಕೊಠಡಿ ಕೊಟ್ಟರೆ ನಿಶ್ಚಿತ ಆದಾಯವುಂಟು. ಆದರೆ ರಾತ್ರಿ ಮಕ್ಕಳೊಡನೆ ಬಂದಿಳಿದ ಯಾತ್ರಿಕನಿಗೆ ಬಾಗಿಲು ಮುಚ್ಚಿರುತ್ತದೆ. ದೀರ್ಘವಾಸಿಯನ್ನು ಎಬ್ಬಿಸಿದರೆ ಸ್ವಾಧ್ಯಾಯಕ್ಕೆಂದು ಬಂದ ವೃದ್ಧರು ಎಲ್ಲಿಗೆ ಹೋಗಬೇಕು? ಅನೇಕ ಧರ್ಮಶಾಲೆಗಳಲ್ಲಿ ರೂಢಿಯಲ್ಲಿರುವ ಮೂರು ದಿನಗಳ ಮಿತಿಯು ಮೊದಲನೆಯವನನ್ನು ಕಾಯುತ್ತದೆ, ಎರಡನೆಯವರನ್ನು ಕಾಯುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಕೊಠಡಿಗಳನ್ನು ಮೊದಲೇ ಗೊತ್ತುಪಡಿಸುವುದು, ಒಂದೆರಡನ್ನಾದರೂ ತಿಥಿಯಿಲ್ಲದೆ ಬರುವವನಿಗಾಗಿ ಖಾಲಿ ಉಳಿಸುವುದು ನ್ಯಾಯಸಮ್ಮತ. ಆ ಖಾಲಿ ಕೊಠಡಿಯನ್ನು ಲೆಕ್ಕದಲ್ಲಿ ನಷ್ಟವೆಂದು ತೋರಿಸಬಾರದು. ಅದು ದಾನದ ಬಾಬು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಮೊದಲ ಎರಡು ಆಹಾರಕ್ಕೆ ಸಂಬಂಧಿಸಿದವು. ಉಳಿದ ಮೂರನ್ನು ವ್ಯವಸ್ಥಾಪಕರು ತಮಗೂ ಅನ್ವಯಿಸಿಕೊಳ್ಳಬಹುದು. ಕೊಡುವ ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುವುದು ಪರವ್ಯಪದೇಶ. "ಅಧ್ಯಕ್ಷರನ್ನು ಕೇಳಿ" ಎಂದು ಅತಿಥಿಯನ್ನು ಅಲೆಸುವುದು ಇದಕ್ಕೆ ಸಮೀಪದ್ದು. ಆದರವಿಲ್ಲದೆ ಕೊಡುವುದು ಮಾತ್ಸರ್ಯ. ಸಿರಿವಂತನಿಗೆ ಒಂದು ಮುಖ, ಬಡ ಯಾತ್ರಿಕನಿಗೆ ಇನ್ನೊಂದು ಮುಖ ತೋರುವುದು ಆ ಸಾಲಿನದು. ಹೊತ್ತು ಮೀರಿಸುವುದು ಕಾಲಾತಿಕ್ರಮ; ಸೂರ್ಯಾಸ್ತದ ಮೊದಲು ಉಣ್ಣಬೇಕಾದವರನ್ನು ರಸೀದಿಗಾಗಿ ಕಾಯಿಸಿದರೆ ಅವರಿಗೆ ಅಂದು ಉಪವಾಸವೇ ಗತಿ.

ಬಾಡಿಗೆ ಪಡೆಯುವುದು ದೋಷವಲ್ಲ. ಕಟ್ಟಡ ಉಳಿಯಬೇಕಾದರೆ ಹಣ ಬೇಕು. ಸಂದಣಿಯ ದಿನಗಳ ಆದಾಯದಲ್ಲಿ ಒಂದು ಪಾಲನ್ನು ಜೀರ್ಣೋದ್ಧಾರ ನಿಧಿಗೆ ಪ್ರತ್ಯೇಕವಾಗಿಟ್ಟು, ಬಡವರ ವಸತಿಗೆ ಇನ್ನೊಂದು ಪಾಲನ್ನು ಮೀಸಲಿಟ್ಟು, ಎರಡರ ಲೆಕ್ಕವನ್ನೂ ವಾರ್ಷಿಕ ಸಭೆಯಲ್ಲಿ ಓದುವ ಪದ್ಧತಿಯನ್ನು ಪ್ರತಿಯೊಂದು ಟ್ರಸ್ಟೂ ಇಟ್ಟುಕೊಳ್ಳಬೇಕು. ಮನೆಗೊಂದು ಹಣ ಕೊಟ್ಟ ಪೂರ್ವಜರ ಧರ್ಮವು ಹಾಗೆ ಮುಂದುವರಿದೀತು.