ಅವ್ವನ ಟ್ರಂಕಿನ್ಯಾಗಿನ ಕಾರ್ಡು

ಅಕ್ಕಂದಿರ, ಮೊನ್ನೆ ಇಳಕಲ್ಲಿಗೆ ಹೋದಾಗ ಅವ್ವನ ಟ್ರಂಕಿನ್ಯಾಗ ಹಳೇ ಸೀರಿ ಅಡಿಗೆ ಕೆಂಪು ತ್ರಿಕೋನದ ಕಾರ್ಡು ಸಿಕ್ತು. ಆಪರೇಶನ್ ತಾರೀಖು, ಒಂದು ಸಹಿ, ಇಷ್ಟ.

"ಆಮ್ಯಾಲೆ ಯಾರರ ಬಂದು ಹೆಂಗದಿ ಅಂತ ಕೇಳಿದ್ರೇನವಾ?"

"ಕೇಳೋರು ಯಾರು? ತಿಂಗಳು ತುಂಬೂದ್ರಾಗ ಮತ್ತ ಮಗ್ಗದ ಕುಣಿಗೆ ಇಳಿದಿದ್ದೆ."

ಮೈಸೂರು ಸಂಸ್ಥಾನ 1930ರಾಗ ಸಂತಾನ ನಿಯಂತ್ರಣದ ಸರಕಾರಿ ಕ್ಲಿನಿಕ್ ತೆರೀತು. ನಮ್ಮೂರು ಆವಾಗ ಮುಂಬಯಿ ಪ್ರಾಂತದಾಗಿತ್ತು. ದೇಶದ ಯೋಜನೆ ಬಂದದ್ದು 1952ಕ್ಕ. ಮುಂದ ಇಷ್ಟು ಆಪರೇಶನ್ ಆಗಬೇಕು ಅನ್ನೋ ಗುರಿ ಬಂತು. ತುರ್ತುಪರಿಸ್ಥಿತಿಯ 1976-77ರಾಗ ದೇಶದಾಗ 80 ಲಕ್ಷಕ್ಕೂ ಮಿಕ್ಕಿ ಆದ್ವು, ಅದ್ರಾಗ ಗಂಡಸರದ ಹೆಚ್ಚು. ಗಂಡಸರು ಸಿಟ್ಟಿಗೆದ್ರು, ಸರಕಾರ ಬಿತ್ತು. ಆಮ್ಯಾಲೆ ಭಾರ ಎಲ್ಲಾ ನಮ್ಮ ಹೊಟ್ಟಿ ಮ್ಯಾಲೆ! 1996ಕ್ಕ ಗುರಿ ತಗದ್ರು. ಆದ್ರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡ್ರಿ: ಕರ್ನಾಟಕದಾಗ ಲಗ್ನಾದ ಹೆಂಗಸರು ನೂರು ಮಂದಿಯೊಳಗ 57 ಮಂದಿಗೆ ಆಪರೇಶನ್ ಆಗೇದ. ಗಂಡಸರ ಲೆಕ್ಕ ನೂರಕ್ಕ ಒಂದೂ ಇಲ್ಲ.

ಹೆರಿಗಿ ಕಡಿ ಮಾತ್ರ ಎಣಿಸಿದ್ದು ತಾಯಂದ್ರ ಜೀವಾನ. 2001-03ರಾಗ ರಾಜ್ಯದಾಗ ಲಕ್ಷ ಕೂಸು ಹುಟ್ಟಿದ್ರ 228 ತಾಯಂದ್ರು ಸಾಯ್ತಿದ್ರು. 2018-20ಕ್ಕ ಅದು 69ಕ್ಕ ಇಳೀತು. ನಡುವ 2005ರ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಅಕ್ಕಂದ್ರು ಬಂದ್ರು, 108 ಗಾಡಿ ಬಂತು. ಬದಾಮಿ ಕಡಿ ಹಳ್ಳಿಗೆ ಕೊಟ್ಟ ನನ್ನ ತಂಗೀನ ನಡುರಾತ್ರಿ ಬಾಗಲಕೋಟಿಗೆ ಮುಟ್ಟಿಸಿದ್ದು ಅದ ಗಾಡಿ. ಬಾಣಂತನದಾಗ ಆಶಾ ಮನಿಗೆ ಬಂದು ಕೂಸಿನ ತೂಕಾನೂ ನೋಡಿದ್ಲು.

ಅವ್ವ ಇದನ್ನೆಲ್ಲಾ ಕೇಳಿ, ಟೊಂಕ ಒತ್ತಿಕೊಂತ ಕಾರ್ಡು ಮತ್ತ ಟ್ರಂಕಿಗೆ ಹಾಕಿದ್ಲು. ನಿಮ್ಮವ್ವಗ ಯಾರರ ಬಂದು ಕೇಳಿದ್ರೇನು?